ಕೈಮುಗಿದವ್ವನ ಕಲ್ಲು

ಇಂಥದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧ ಓದಿ ಮಡಚಿ ಇಟ್ಟುಬಿಡುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ. ಶಿಗ್ಗಾಂವದ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಮಾಸ್ತರ ನಾನು. ಸಿಂಧೂ ನದಿಯ ದಂಡೆಯಲ್ಲಿ ಆಗಷ್ಟೇ ಅಗೆದು ತೆಗೆದಿದ್ದ ಪಟ್ಟಣಗಳು, ಸತ್ತವರ ಜೊತೆಗೆ ಕಾಳು ಇಟ್ಟು ಹೂಳುತ್ತಿದ್ದ ಈಜಿಪ್ತಿನವರು, ಬುದ್ಧ, ಮಹಾವೀರ, ಎಲ್ಲರನ್ನೂ ಹಲಗೆಯ ಮೇಲೆ ಬರೆದು, ಗಂಟೆ ಹೊಡೆದೊಡನೆ ಒರೆಸಿಬಿಡುತ್ತಿದ್ದೆ. ಮನುಷ್ಯ ಸಾವಿಗೆ ಅಂಜಿ ದೇವರನ್ನು ಮಾಡಿಕೊಂಡ, ಆ ಹಳೆಯ ನಂಬಿಕೆಗಳೆಲ್ಲ ನಂಬಿದವರ ಜೊತೆಗೇ ಮಣ್ಣಾದವು ಎಂದು ಹುಡುಗರಿಗೆ ಧೈರ್ಯವಾಗಿ ಹೇಳುತ್ತಿದ್ದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲಿನ ಬೇಸಿಗೆ. ಸೂಟಿ ಬಿಟ್ಟಿದ್ದರಿಂದ ಅಕ್ಕನ ಊರಿಗೆ ಹೋಗಿದ್ದೆ. ಅದು ಸವಣೂರಿನಿಂದ ಒಂದು ಹರದಾರಿ ದೂರದ ಹಳ್ಳಿ. ನಾನು ಚಿಕ್ಕವನಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಅಕ್ಕ ಬಸವ್ವ ಮದುವೆಯಾಗಿ ಹೋಗುವಾಗ ನನ್ನ ಕೈ ಬಿಡದೆ ಜೊತೆಗೇ ಕರೆದುಕೊಂಡು ಹೋದಳು. ಅವಳಿಗೆ ಮಕ್ಕಳಾಗಲಿಲ್ಲ. ಅವಳ ಗಂಡ, ನಾನು ಮಾವ ಎಂದು ಕರೆಯುತ್ತಿದ್ದವರು, ಒಕ್ಕಲುತನದ ಮನುಷ್ಯ. ಮಾತು ಕಡಿಮೆ, ಮನಸ್ಸು ಮೆದು.

ಆ ಮನೆಯ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಗೋಡೆಗೆ ಆತುಕೊಂಡು ಒಂದು ಕಲ್ಲಿತ್ತು. ಮೇಲ್ಭಾಗದಲ್ಲಿ ಧ್ಯಾನಕ್ಕೆ ಕುಳಿತ ಒಬ್ಬ ಮುನಿ, ಅವನ ಮುಂದೆ ಕೈಮುಗಿದು ಕುಳಿತ ಒಬ್ಬ ಹೆಣ್ಣುಮಗಳು. ಕೆಳಗೆ ಸವೆದ ಅಕ್ಷರಗಳು. ಮನೆಯವರು ಅದಕ್ಕೆ ಕೈಮುಗಿದವ್ವ ಎನ್ನುತ್ತಿದ್ದರು. ಅಕ್ಕ ತನ್ನ ಅತ್ತೆ ಮಾಡುತ್ತಿದ್ದಂತೆ ದಿನಾ ಮುಂಜಾನೆ ಅದರ ಮೇಲೆ ಒಂದು ತಂಬಿಗೆ ನೀರು ಹಾಕುತ್ತಿದ್ದಳು. ನಾನು ಹಳಗನ್ನಡದ ಲಿಪಿ ಓದಲು ಕಲಿತದ್ದು ಮಾಸ್ತರನಾದ ಮೇಲೆ. ಆ ಸಲ ಕಲ್ಲಿನ ಪಡಿಯಚ್ಚು ತೆಗೆಯಬೇಕೆಂದು ಕಾಗದ, ಕುಂಚ, ಮಸಿ ಎಲ್ಲ ತಂದಿದ್ದೆ.

ತೋಯಿಸಿದ ಕಾಗದವನ್ನು ಕಲ್ಲಿಗೆ ಹಚ್ಚಿ ನಾನು ಕುಂಚದಿಂದ ಬಡಿಯುವಾಗ ಅಕ್ಕ ಅದರ ತುದಿಗಳನ್ನು ಹಿಡಿದುಕೊಂಡಿದ್ದಳು. ಏನು ಬರೆದಿದೆ ಎಂದು ಕೇಳಿದಳು. ಸೋಮವ್ವೆ ಎಂಬವಳು, ಜೈನರವಳು, ಅವರ ಧರ್ಮದಲ್ಲಿರುವ ಸಲ್ಲೇಖನವೆಂಬ ವ್ರತ ಹಿಡಿದು, ಅನ್ನ ಬಿಟ್ಟು ಶಾಂತವಾಗಿ ದೇಹ ಬಿಟ್ಟಳಂತೆ. ಏಳೆಂಟುನೂರು ವರ್ಷದ ಹಿಂದಿನ ಮಾತು ಎಂದು ಹೇಳಿದೆ. ಎಷ್ಟು ದಿನ ಉಪವಾಸವಿದ್ದಳು ಎಂದು ಅಕ್ಕ ಕೇಳಿದಳು. ಅದು ಗೊತ್ತಿಲ್ಲ ಎಂದೆ. ಕೊನೆಯ ಸಾಲುಗಳು ಕೊಟ್ಟಿಗೆಯ ಹಾಸುಗಲ್ಲಿನ ಕೆಳಗೆ ಹೂತಿದ್ದವು. ಆ ಹಾಸು ಹಾಕಿಸಿದವರು ಮಾವನ ಅಪ್ಪ. ಅದರ ಕೆಳಗಿದ್ದುದನ್ನು ಕಂಡವರು ಯಾರೂ ಬದುಕಿರಲಿಲ್ಲ.

ಮರುದಿನ ಅಕ್ಕ ಊಟ ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ನಮಗೆ ಬಡಿಸಿ, ತಾನು ಎರಡು ಗುಟುಕು ನೀರು ಕುಡಿದು ಏಳುತ್ತಿದ್ದಳು. ಮೂರನೆಯ ದಿನ ಮಾವ ರೊಟ್ಟಿ ಮುರಿದು ಅವಳ ಕೈಗೆ ಕೊಟ್ಟರು. ಬಾಯಿಗೆ ಇಟ್ಟುಕೊಂಡಳು, ಅಗಿದಳು, ಸೆರಗಿನಲ್ಲಿ ಉಗುಳಿದಳು. ಯಾರ ಮೇಲೆ ಸಿಟ್ಟು ಎಂದು ನಾನು ಕೇಳಿದೆ.

"ಸಿಟ್ಟಿಲ್ಲೋ ತಮ್ಮಾ, ಹಟಾನೂ ಇಲ್ಲ. ಒಳಗ ಇಳೀವಲ್ದು, ಅಷ್ಟ," ಎಂದಳು. ಸೆರಗು ಕೊಡವಿ ಎದ್ದು, "ಹತ್ತೊಂಬತ್ತ ದಿನದ ಮಾತು. ನೀವು ಅಂಜಬ್ಯಾಡ್ರಿ," ಎಂದಳು.

ಹತ್ತೊಂಬತ್ತು ಎಂದು ಯಾರು ಹೇಳಿದರೆಂದು ಮಾವ ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಸುಮ್ಮನೆ ಹಾಗೆ ಅನಿಸುತ್ತದೆ ಎಂದಳು. ನಮ್ಮದು ಲಿಂಗವಂತರ ಮನೆ; ಅನ್ನ ಬಿಟ್ಟು ದೇಹ ಬಿಡುವ ವ್ರತ ನಮ್ಮಲ್ಲಿಲ್ಲ. ನಾನು ಹೇಳಿದ ಕಥೆ ಅವಳ ತಲೆಗೆ ಹೊಕ್ಕಿದೆ, ಅಷ್ಟೇ ಎಂದುಕೊಂಡೆ. ನನ್ನ ನಾಲಿಗೆಯನ್ನು ಬೈದುಕೊಂಡೆ. ಅವಳನ್ನೂ ಬೈದೆ, ಕಣ್ಣೀರು ಹಾಕಿದೆ, ಕಾಲು ಹಿಡಿದೆ. ಅವಳು ನನ್ನ ತಲೆ ಸವರುತ್ತ ಪಾಪ ತಾನೇ ಸೋತಂತೆ ಇನ್ನೊಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಹೊರಗೇ ಬರುತ್ತಿತ್ತು.

ಆರನೆಯ ದಿನ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಯಲವಿಗಿ ಸ್ಟೇಷನ್ನಿಗೆ ಒಯ್ದು, ರೈಲಿನಲ್ಲಿ ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಂಟಲಲ್ಲಿ ದೀಪ ಬಿಟ್ಟು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಕಾಣುವಂಥದ್ದೇನೂ ಇಲ್ಲ ಎಂದು ಒಂದು ಬಾಟಲಿ ಔಷಧ ಕೊಟ್ಟರು. ಅದೂ ಒಳಗೆ ಇಳಿಯಲಿಲ್ಲ. ಒಂಬತ್ತನೆಯ ದಿನ ತಿರುಗಿ ಊರಿಗೆ ಬಂದಾಗ ಅಕ್ಕನನ್ನು ಚಕ್ಕಡಿಯಿಂದ ನಾನೊಬ್ಬನೇ ಎತ್ತಿಕೊಂಡು ಇಳಿಸಿದೆ. ಅಷ್ಟು ಹಗುರಾಗಿದ್ದಳು.

ಹನ್ನೊಂದನೆಯ ದಿನ ಮಧ್ಯಾಹ್ನ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಹಿತ್ತಲಿಗೆ ಹೋಗಿ ಹಾರೆಯಿಂದ ಆ ಹಾಸುಗಲ್ಲನ್ನು ಎಬ್ಬಿಸಿದೆ. ಅಲ್ಲಿ ಬೇರೆ ಏನಾದರೂ ಬರೆದಿರುತ್ತದೆ, ಏಳು ಎಂದೋ ಮೂವತ್ತು ಎಂದೋ ಇರುತ್ತದೆ, ಅದನ್ನು ಅಕ್ಕನಿಗೆ ಓದಿ ಹೇಳಿ ಅವಳ ಭ್ರಮೆ ಬಿಡಿಸಬಹುದು ಎಂಬ ಆಸೆ. ಮಣ್ಣು ತೊಳೆದೆ. ಅಕ್ಷರಗಳು ಹೊಸದಾಗಿ ಕೆತ್ತಿದಂತೆ ಚೊಕ್ಕವಾಗಿದ್ದವು. "ಪತ್ತೊಂಬತ್ತು ದಿವಸಂ ನೋಂತು ಮುಡಿಪಿದಳ್." ಹತ್ತೊಂಬತ್ತು ದಿನ ವ್ರತ ಹಿಡಿದು ತೀರಿಕೊಂಡಳು.

ಬಿಸಿಲಲ್ಲಿ ಅಲ್ಲೇ ಕೂತುಬಿಟ್ಟೆ. ಅಕ್ಕನಿಗೆ ಇಂದಿನ ಕನ್ನಡ ಅಕ್ಷರವೂ ಬರುತ್ತಿರಲಿಲ್ಲ. ನಾನು ಯಾರಿಗೂ ಏನೂ ಹೇಳಲಿಲ್ಲ. ಹಾಸುಗಲ್ಲನ್ನು ಮೊದಲಿನಂತೆ ಎಳೆದು ಮುಚ್ಚಿದೆ. ಮುಂದಿನ ಐದು ದಿನ, ಇದನ್ನು ಹೇಳಿದರೆ ಮಾವ ಕೈಚೆಲ್ಲಿ ಕೂಡುತ್ತಾರೆ, ಹೇಳದಿದ್ದರೆ ನಾನೊಬ್ಬನೇ ದಿನ ಎಣಿಸಬೇಕು ಎಂಬ ಸಂಕಟದಲ್ಲಿ ಕಳೆದೆ.

ಹದಿನೇಳನೆಯ ದಿನ ಮಾವ ಹೊಲಕ್ಕೆ ಹೋಗಿದ್ದಾಗ, ಬೀಸುವ ಕಲ್ಲು ಕುಟ್ಟುವ ಚಾಣವನ್ನು ಅಟ್ಟದಿಂದ ತೆಗೆದೆ. ಹಾಸುಗಲ್ಲನ್ನು ಮತ್ತೆ ಎಬ್ಬಿಸಿದೆ. 'ಪತ್ತೊಂಬತ್ತು' ಎಂಬುದು ನಾಲ್ಕೇ ಅಕ್ಷರ. ಶಾಸನದ ಮೇಲೆ ಗೆರೆ ಕೊರೆದ ಹುಡುಗರನ್ನು ವರ್ಗದಲ್ಲಿ ನಿಲ್ಲಿಸಿ ಬೈದಿದ್ದ ನಾನು ಆ ನಾಲ್ಕು ಅಕ್ಷರಗಳನ್ನು ಕುಟ್ಟಿ ಪುಡಿ ಮಾಡಿದೆ. ನಂಬಿಕೆಯಿಂದ ಮಾಡಿದೆನೆಂದು ಹೇಳಲಾರೆ. ಮಾಡಲು ಬೇರೆ ಏನೂ ಉಳಿದಿರಲಿಲ್ಲ. ಒಳಗೆ ಬಂದಾಗ ಅಕ್ಕ ಎದ್ದಿದ್ದಳು. ಹಿತ್ತಲಲ್ಲಿ ಏನು ಸಪ್ಪಳ ಎಂದು ಕೇಳಿದಳು. ಗೂಟ ಬಡಿದೆ ಎಂದೆ.

ಹತ್ತೊಂಬತ್ತನೆಯ ದಿನ ಅಕ್ಕ ತಾನಾಗಿಯೇ ಹೇಳಿ ಜಳಕ ಮಾಡಿಸಿಕೊಂಡಳು, ಮಡಿ ಸೀರೆ ಉಡಿಸಿಕೊಂಡಳು. ಸ್ವಾಮಿಗಳನ್ನು ಕರೆಸಿ ವಿಭೂತಿ ಹಚ್ಚಿಸಿಕೊಂಡಳು. ಮಾವನ ಕೈ ಹಿಡಿದು ತಪ್ಪೇನಾದರೂ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರೆಂದಳು. ಅವಳ ಮುಖದಲ್ಲಿ ತವರಿಗೆ ಹೊರಟವಳ ಗೆಲುವಿತ್ತು. ಹೊತ್ತು ಮುಳುಗಿತು. ಏನೂ ಆಗಲಿಲ್ಲ.

ಮರುದಿನ ಬೆಳಕು ಹರಿದಾಗ ನಾನು ಹೋಗಿ ನೋಡಿದರೆ ಕಣ್ಣು ತೆರೆದು ತೊಲೆಗಳನ್ನೇ ನೋಡುತ್ತಿದ್ದಳು. ಬದುಕಿದ್ದಳು. ಒಂದು ಕ್ಷಣ ನನಗೆ ಆದ ಸಂತೋಷವನ್ನು ಹೇಳಲಾರೆ. ಓಡಿಹೋಗಿ ಗಂಜಿ ತಂದೆ. ಅವಳು ಬಾಯಿ ತೆರೆದಳು. ಗಂಜಿ ತುಟಿಯ ಬದಿಯಿಂದ ಹರಿದು ಹೋಯಿತು.

"ಇವತ್ತ ಎಷ್ಟನೇದೋ ತಮ್ಮಾ?" ಎಂದಳು.

ಇಪ್ಪತ್ತು ಎಂದೆ. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. "ಮುಂದಿಂದ ಏನೂ ತಿಳೀವಲ್ದು," ಎಂದಳು. "ನಿನ್ನೀತನಕಾ ತಿಳೀತಿತ್ತು."

ಅಲ್ಲಿಂದ ನೋವು ಶುರುವಾಯಿತು. ಅದುವರೆಗೆ ಅವಳಿಗೆ ಹಸಿವು, ಸಂಕಟ ಯಾವುದೂ ಇರಲಿಲ್ಲ. ಈಗ ಹಸಿವೆ ಎನ್ನುತ್ತಿದ್ದಳು; ತುತ್ತು ಮಾತ್ರ ಇಳಿಯುತ್ತಿರಲಿಲ್ಲ. ನೀರು ಇಳಿಯುತ್ತಿತ್ತು, ಆ ನೀರಿನ ಮೇಲೆ ಜೀವ ಹಿಡಿದುಕೊಂಡಿತ್ತು. ದಿನಕ್ಕೆ ಹತ್ತು ಸಲ ಎಷ್ಟನೆಯ ದಿನವೆಂದು ಕೇಳುತ್ತಿದ್ದಳು. ಮಾವ ಕಟ್ಟೆಗೆ ಹೋಗಿ ಬೆನ್ನು ತಿರುಗಿಸಿ ಕೂಡುತ್ತಿದ್ದರು.

ಶಾಲೆ ತೆರೆಯುವ ದಿನ ಬಂತು. ಹೊರಡುವ ಮುಂಜಾನೆ ಅಕ್ಕ ನನ್ನ ಅಂಗಿಯ ತುದಿ ಹಿಡಿದಳು. "ನೀ ಓದಿದಾಂವ. ಎಷ್ಟ ದಿನಾ ಅಂತ ಎಲ್ಲೆರ ಬರದಿರತೈತಲ್ಲ. ನೋಡಿ ಹೇಳೋ."

ನೋಡುತ್ತೇನೆ ಎಂದು ಹಿತ್ತಲಿಗೆ ಹೋದೆ. ಚಾಣ ಇನ್ನೂ ಗೋಡೆಯ ಮೇಲೇ ಇತ್ತು. ತಿರುಗಿ ಕೆತ್ತಿದರಾದೀತೇ ಎಂದು ಕೂಡ ಯೋಚಿಸಿದೆ, ನಗಬೇಡಿ. ಆದರೆ ಹತ್ತೊಂಬತ್ತು ದಾಟಿಹೋಗಿತ್ತು. ಯಾವ ಅಂಕಿಯನ್ನು ಕೆತ್ತಲಿ? ನನ್ನ ಅಕ್ಕ ಸಾಯುವ ದಿನವನ್ನು ನಾನು ಹೇಗೆ ಬರೆಯಲಿ? ಒಳಗೆ ಬಂದು, ಎಲ್ಲಿಯೂ ಬರೆದಿಲ್ಲ ಅಕ್ಕಾ ಎಂದೆ. ಅವಳು ಅಂಗಿ ಬಿಟ್ಟಳು.

ಮಳೆಗಾಲ ಹಿಡಿದ ಮೇಲೆ, ಅಕ್ಕ ಹೋದಳೆಂದು ಮಾವ ಬರೆಸಿದ ಕಾಗದವನ್ನು ಆಳೊಬ್ಬ ತಂದುಕೊಟ್ಟ. ಅವತ್ತೇ ಹೋಗಿ ಮಣ್ಣಿಗೆ ನಿಂತೆ. ಎಷ್ಟು ದಿನವಾಗಿತ್ತು ಎಂದು ಕೇಳಿದ್ದಕ್ಕೆ ಮಾವ, "ಎಣಸೂದ ಬಿಟ್ಟಿದ್ದೆ," ಎಂದರು.

ಆಮೇಲೆ ಒಬ್ಬ ಪರಿಚಯದ ಡಾಕ್ಟರರಿಗೆ ಇದನ್ನೆಲ್ಲ ಹೇಳಿದ್ದೇನೆ. ಅನ್ನನಾಳದ ಕೆಳಗೆ ಗಡ್ಡೆ ಇದ್ದಿರಬೇಕು, ಅದು ಹೊರಗಿನಿಂದ ಕಾಣುವುದಿಲ್ಲ ಎಂದರು. ಇದ್ದೀತು. ಅವಳು ಆ ಸಂಖ್ಯೆಯನ್ನು ಎಲ್ಲಿಂದ ತಂದಳು ಎಂದರೆ, ಅದು ತಮ್ಮ ಶಾಸ್ತ್ರದ ಮಾತಲ್ಲ ಎಂದರು. ನನಗೂ ತಿಳಿಯದು. ಅದಕ್ಕಿಂತ ದೊಡ್ಡದೊಂದು ನನಗೆ ತಿಳಿಯದೆ ಉಳಿದಿದೆ. ಹತ್ತೊಂಬತ್ತರ ಆಚೆಯ ಆ ದಿನಗಳನ್ನು ಅಕ್ಕನಿಗೆ ರೋಗ ಕೊಟ್ಟಿತೋ, ನಾನು ಕೊಟ್ಟೆನೋ, ಹೇಳುವವರು ಯಾರೂ ಇಲ್ಲ.