ಬೇಡ ಎಂದವರ ಮನೆಗೆ

ಮದ್ದೂರಿನ ಬೆಲ್ಲದಂಗಡಿಯ ಯಜಮಾನರಿಗೆ ನಾನು ಜಾಹೀರಾತಿನ ಇಮೇಲ್ ಬರೆದುಕೊಡುತ್ತಿದ್ದೆ. ಪ್ರತಿ ಇಮೇಲ್‌ನ ಕೆಳಗೂ ‘ಇನ್ನು ಕಳಿಸಬೇಡಿ’ ಎಂಬ ಗುಂಡಿ ಇರಬೇಕು, ಒತ್ತಿದವರಿಗೆ ಮತ್ತೆ ಕಳಿಸಬಾರದು, ಅದು ಕಾನೂನು ಎಂದೆ.

“ಆಯ್ತು ಬುಡಿ, ಕಳ್ಸಕಿಲ್ಲ” ಎಂದರು.

ಮೊದಲು ಒತ್ತಿದವರು ಮಳವಳ್ಳಿಯ ಮೇಷ್ಟ್ರೊಬ್ಬರು. ಯಜಮಾನರು ಹಳೆಯ ಆರ್ಡರಿನಲ್ಲಿ ವಿಳಾಸ ಹುಡುಕಿ, ಎರಡು ಅಚ್ಚು ಬೆಲ್ಲ ಹಿಡಿದು ಬಸ್ಸು ಹತ್ತಿಯೇಬಿಟ್ಟರು. ಮೇಷ್ಟ್ರ ಜಗಲಿಯಲ್ಲಿ ಕೂತು, “ನಮ್ಮಿಂದೇನ್ ತಪ್ಪಾಯ್ತು, ಯೋಳಿ ಸಾ” ಎಂದರಂತೆ. ಆಮೇಲೆ ಗುಂಡಿ ಒತ್ತಿದ ಪ್ರತಿಯೊಬ್ಬರಿಗೂ ಅದೇ ಬೆಲ್ಲ, ಅದೇ ಮಾತು.

ನಾನು ರೇಗಿದೆ.

“ಮನೇಗ್ ಓಗ್ಬ್ಯಾಡ ಅಂತ ಕಾನೂನಲ್ಲಿ ಬರ್ದವ್ರಾ?”

ಆ ಕೆಲಸ ಬಿಟ್ಟು ಮಂಡ್ಯಕ್ಕೆ ಬಂದರೂ ಅವರ ಮೇಲ್ ನನಗೆ ಬರುತ್ತಲೇ ಇದೆ. ಅವರನ್ನು ನೋಡಿ ಬಹಳ ದಿನವಾಗಿತ್ತು. ನಿನ್ನೆ ಗುಂಡಿ ಒತ್ತಿದೆ. ಬೆಳಗ್ಗೆ ಎದ್ದು ಜಗಲಿ ಗುಡಿಸಿದೆ.