ಮಗುಚಿಟ್ಟ ಕಲ್ಲು

ಆ ಕಲ್ಲಿಗೆ ಇನ್ನೂರು ರೂಪಾಯಿ ಹೇಳಿದ್ದೆ. ಲಿಂಗಸುಗೂರಿಗೆ ಕಳಿಸಿ ನುಣುಪು ಮಾಡಿಸಿ, ನಡುವೆ ಶಿಲುಬೆ ಕೆತ್ತಿಸಿದ್ದಕ್ಕೆ ಅಷ್ಟು. ಎಂಬತ್ತರ ದಶಕದಲ್ಲಿ ಮಸ್ಕಿಯ ನನ್ನ ಕಲ್ಲಿನಂಗಡಿಯಲ್ಲಿ ಚೌಕಾಶಿ ಮಾಡದೆ ದುಡ್ಡು ಕೊಟ್ಟವನು ಆ ಗೌಂಡಿ ಒಬ್ಬನೇ.

ಸಿಂಧನೂರಿನ ಕಾಲುವೆ ಕಡೆಯವನು. ಭಾನುವಾರ ಪ್ರಾರ್ಥನೆಗೆ ಹೋಗುತ್ತಿದ್ದ, ಉಳಿದ ದಿನ ಗೋಡೆ ಕಟ್ಟುತ್ತಿದ್ದ. ಕೂಲಿ ಕೊಟ್ಟರೂ ಚಹಾ ಕೊಟ್ಟರೂ ಅಂಗೈ ಅಡ್ಡ ಹಿಡಿದು "ಇಷ್ಟ ಸಾಕ್ರಿ" ಅನ್ನುವನು. ಎದುರಿನ ಹೋಟೆಲಿನಲ್ಲಿ ಅವನ ಜಾತಿಯವರಿಗೆ ಬೇರೆ ಲೋಟ. ಯೇಸುವನ್ನು ನಂಬಿದ ಮೇಲೂ ಅವನಿಗೆ ಅದೇ ಲೋಟ.

ಹೆಂಡತಿ ತೀರಿದಾಗ ಈ ಕಲ್ಲು ಒಯ್ದ. ಟ್ರ್ಯಾಕ್ಟರಿನಲ್ಲಿ ನಾನೂ ಸಮಾಧಿಯ ತನಕ ಹೋದೆ. ಅವನು ಶಿಲುಬೆಯನ್ನು ಹೆಗಲ ಟವೆಲಿನಿಂದ ಒರೆಸಿದ. ಆಮೇಲೆ ಕಲ್ಲನ್ನು ಮಗುಚಿ, ಶಿಲುಬೆ ಮಣ್ಣಿನ ಕಡೆ ಮಾಡಿ ಇಟ್ಟ.

"ಲೇ, ಉಲ್ಟಾ ಆತಲ್ಲೋ!" ಎಂದು ಚೀರಿದೆ.

"ಗೊತ್ತೈತ್ರಿ ಸಾವ್ಕಾರ. ಮಗನ ಹಾಸ್ಟೆಲ್ಲು, ನಾಳಿನ ನೌಕರಿ, ಎಲ್ಲಾ ಹಿಂದೂ ಎಸ್ಸಿ ಅಂತಿರೋ ಸರ್ಟಿಫಿಕೇಟಿನ ಮ್ಯಾಲೆ ಅದಾವ. ಶಿಲುಬಿ ಕಂಡ್ರ ಕಿರಿಸ್ತಾನರಾಗ್ಯಾರ ಅಂತ ಯಾರರ ತಹಶೀಲಿಗೆ ಹೇಳ್ತಾರ, ಸರ್ಟಿಫಿಕೇಟು ರದ್ದಾಗ್ತೈತಿ. ಆಕಿಗಿ ಕಂಡ್ರ ಸಾಕ್ರಿ."

ಹೋಟೆಲಿನ ಲೋಟದಲ್ಲಿ ಅಳಿಯದ ಜಾತಿ, ಶಿಲುಬೆ ಕಂಡರೆ ಕಚೇರಿಯ ಕಾಗದದಲ್ಲಿ ಅಳಿಸಿಹೋಗುತ್ತದೆಯೇ? ಎಷ್ಟೋ ವ್ಯವಹಾರ ಮಾಡಿದವನು ನಾನು, ಇಂಥದ್ದು ಕಂಡಿರಲಿಲ್ಲ.

ನಿಮಗೂ ಕಲ್ಲನ್ನು ಹೀಗೆ ಇಡುವ ಪ್ರಸಂಗ ಬಂದರೆ ನನ್ನ ಮಾತು ಕೇಳಿ. ಕಾಲುವೆ ಸೀಮೆಯ ಉಪ್ಪೇರಿದ ಸವಳು ಮಣ್ಣು ಕಲ್ಲನ್ನು ತಿನ್ನುತ್ತದೆ. ಶಿಲುಬೆಯನ್ನು ಬೆರಳು ಮುಳುಗುವಷ್ಟು ಆಳ ಕೆತ್ತಿಸಿ. ಕೆತ್ತುವವನು ಹೆಚ್ಚು ಕೇಳಿದರೆ ಕೊಟ್ಟುಬಿಡಿ, ಅಲ್ಲಿ ಚೌಕಾಶಿ ಮಾಡಬೇಡಿ.