ಮಸೂದಾ ಕಟ್ಟಿಸಿದ ಹೊಗೆಗೂಡು

ಮಸೂದಾ ಹುಟ್ಟಿ ಬೆಳೆದದ್ದು ಕೊಲಂಬೊದಲ್ಲಿ. ಅವಳ ಮನೆಮಾತು ತಮಿಳು, ಗಂಡ ನಸ್ರುಲ್ಲಾನದು ಉರ್ದು. ಸಕಲೇಶಪುರದಲ್ಲಿ ಸಂಸಾರ ಹೂಡಿದ ಮೇಲೆ ಇಬ್ಬರಿಗೂ ಒದಗಿದ್ದು ಕನ್ನಡ. ಅವಳಿಗೆ ಈ ಊರು ಪರದೇಶವೇ. ೧೯೫೮ರಲ್ಲಿ ನಸ್ರುಲ್ಲಾ ವನಗೂರಿನ ರಸ್ತೆಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೊಂಡ. ಅವನು ಎಸ್ಟೇಟುಗಳಿಗೆ ಜೀಪ್ ಓಡಿಸುವವನು, ಹಗಲು ಮನೆಯಲ್ಲಿರುತ್ತಿರಲಿಲ್ಲ. ರಿಪೇರಿಯ ಹೊಣೆ ಅವಳ ಮೇಲೆ ಬಿತ್ತು.

ಮಗ ಅಕ್ರಂ ಆಗ ಕೂಸು. ಒಲೆ ಹೊತ್ತಿಸಿದರೆ ಸಾಕು, ಅವನಿಗೆ ಉಬ್ಬಸ ಬಂದು ಪಕ್ಕೆಗಳು ಒಳಗೆ ಸೆಳೆದುಕೊಳ್ಳುತ್ತಿದ್ದವು. ಹೊಗೆ ತಾಕಿಸಿದರೆ ಮಗು ಉಳಿಯುವುದು ಕಷ್ಟ ಎಂದರು ಹಾಸನದ ಡಾಕ್ಟರು. ಆ ಮನೆಯಲ್ಲಿ ಅಡಿಗೆಯ ಹೊಗೆ ಅಟ್ಟ ಹತ್ತಿ, ಜಂತೆಗಳ ನಡುವೆ ಸುತ್ತಾಡಿ, ಹೆಂಚಿನ ಸಂದಿಯಲ್ಲಿ ಹೊರಬೀಳುತ್ತಿತ್ತು. ಮಸೂದಾ ತವರಿನಲ್ಲಿ ಕಂಡಂಥ ಇಟ್ಟಿಗೆಯ ಹೊಗೆಗೂಡು ಕಟ್ಟಿಸಿದಳು. ಮಸಿ ಹಿಡಿದ ಜಂತೆಗಳನ್ನು ಉಜ್ಜಿಸಿ ತೊಳೆಸಿದಳು.

ಪಕ್ಕದ ಮನೆಯ ಜಗದಾಂಬ ನೋಡಲು ಬಂದಳು.

"ಇದೇನ್ ಮಸೂದಮ್ಮ, ಅಕ್ಕಿ ಮಿಲ್ ಮಡಗ್ಬುಟ್ಟಿದ್ದೀಯ?"

"ಹೌದಕ್ಕ, ಭತ್ತ ಇದ್ರೆ ತನ್ನಿ."

ಮಗುವಿನ ಉಸಿರು ಹಗುರಾಯಿತು. ಒಂದು ಮಳೆಗಾಲ ಕಳೆಯಿತು. ಆಮೇಲೆ ತೊಟ್ಟಿಲ ಬಟ್ಟೆಯ ಮೇಲೆ ಹಳದಿ ಹಿಟ್ಟು ಉದುರತೊಡಗಿತು. ಕೊಡವಿದರೆ ಮಾರನೆಯ ದಿನ ಮತ್ತೆ. ಜಂತೆಗೆ ಹುಳು ಬಿದ್ದಿತ್ತು. ಬಡಗಿ ರುದ್ರಯ್ಯ ಬಂದು ಎರಡು ಜಂತೆ ಬದಲಿಸಿದ. ಅವಕ್ಕೂ ಹುಳು ಹಿಡಿಯಿತು. ಅವನು ಮೊದಲು ಮರವನ್ನು ಬೈದ, ಆಮೇಲೆ ಮರ ಮಾರಿದವನನ್ನು, ಕೊನೆಗೆ ಮನೆಯ ವಾಸ್ತುವನ್ನು.

ಒಂದು ಮಧ್ಯಾಹ್ನ ಹೆಂಚು ಹೊತ್ತ ರೀಪಿನ ಪಟ್ಟಿ ಮುರಿದು ಹೆಂಚೊಂದು ತೊಟ್ಟಿಲ ಪಕ್ಕದಲ್ಲೇ ಬಿದ್ದು ಒಡೆಯಿತು.

"ಮಗೂನ ಕರ್ಕೊಂಡು ಕೊಲಂಬೊಗೆ ಹೋಗ್ಬುಡು," ಎಂದ ನಸ್ರುಲ್ಲಾ.

"ಹೋದ್ರೆ ವಾಪಸ್ ಬರೋಕೆ ಯಾರ್ ಬಿಡ್ತಾರೆ? ಪಾಸ್‌ಪೋರ್ಟು ನಿಮ್ಮ ಜೀಪಲ್ಲಿ ಸಿಗುತ್ತಾ?"

ಮಾರನೆಯ ದಿನ ಅವಳೇ ಏಣಿ ಇಟ್ಟುಕೊಂಡು ಒಂದೊಂದು ಜಂತೆಯನ್ನೂ ಚಾಕುವಿನಿಂದ ಚುಚ್ಚುತ್ತ ಹೋದಳು. ನಡುಮನೆಯಲ್ಲಿ ಚಾಕು ಬೆಣ್ಣೆಗೆ ಇಳಿದಂತೆ ಇಳಿಯಿತು. ಬಚ್ಚಲಿನಲ್ಲಿ, ಹಂಡೆಯ ಒಲೆಯ ಮೇಲಿದ್ದ ಜಂತೆಗೆ ಮೊನೆಯೂ ನಾಟಲಿಲ್ಲ. ಅದು ಕಪ್ಪಗೆ ಮಸಿ ಹಿಡಿದಿತ್ತು. ಅಲ್ಲಿಗೆ ಅವಳ ಹೊಗೆಗೂಡು ತಲುಪಿರಲಿಲ್ಲ. ಹೊಗೆ ಕುಡಿದ ಮರವನ್ನು ಹುಳು ಮುಟ್ಟಿರಲಿಲ್ಲ. ಹೊಗೆ ಇದ್ದರೆ ಮಗುವಿಗೆ ಅಪಾಯ, ಇಲ್ಲದಿದ್ದರೆ ಮಗುವಿನ ತಲೆಯ ಮೇಲಿನ ಸೂರಿಗೆ ಅಪಾಯ.

"ಗೊತ್ತಿದ್ದೂ ಹೇಳ್ಲಿಲ್ವಲ್ಲ, ಅಕ್ಕ," ಎಂದಳು ಜಗದಾಂಬಳ ಮುಂದೆ.

"ನಮಗೇನ್ ಗೊತ್ತು? ಹೊಗೆ ಬೇಡ ಅಂದೋರು ಈ ಊರಲ್ಲಿ ಯಾರ್ ಇದ್ರು, ಮಾರಾಯ್ತಿ!"

ಮಸೂದಾ ಹೊಗೆಗೂಡನ್ನು ಕೆಡವಿಸಲಿಲ್ಲ. ಅಟ್ಟದ ಎತ್ತರದಲ್ಲಿ ಅದಕ್ಕೊಂದು ಕಿಂಡಿ ಕೊರೆಸಿ ತಗಡಿನ ಮುಚ್ಚಳ ಹಾಕಿಸಿದಳು. ಹುಳು ತಿಂದ ಮರ ತೆಗೆಸಿ ಹೊಸದು ಕೂರಿಸಿದ ಮೇಲೆ, ಒಂದು ಮಧ್ಯಾಹ್ನ ಕಿಂಡಿ ತೆರೆದಳು. ಹೆಂಚಿನ ಮೇಲಿದ್ದ ಗೂಡಿನ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿಸಿ, ಒಲೆಗೆ ಹಸಿ ಸೌದೆ ತುಂಬಿದಳು. ಮಗುವನ್ನೆತ್ತಿಕೊಂಡು ಜಗದಾಂಬಳ ಜಗಲಿಗೆ ಹೋಗಿ ಕುಳಿತಳು.

ಹೆಂಚಿನ ಸಂದಿಗಳಿಂದ ಹೊಗೆ ಏಳತೊಡಗಿತು. ದಾರಿಯಲ್ಲಿ ಹೋಗುತ್ತಿದ್ದವರು ಕೂಗಿಕೊಂಡರು: "ಸಾಬ್ರ ಮನೆ ಹತ್ಕೊಂಡೈತೆ! ನೀರು ತನ್ನಿ!"

"ಸುಮ್ಕೆ ಹೋಗ್ರಪ್ಪ," ಎಂದಳು ಜಗದಾಂಬ. "ಅವಳೇ ಇಕ್ಕಿರೋ ಹೊಗೆ ಕಣ್ರೀ ಅದು."

ಮಸೂದಾ ಆ ಕಡೆ ತಿರುಗಲಿಲ್ಲ. ಅವಳ ಅಂಗೈ ಮಗುವಿನ ಪಕ್ಕೆಯ ಮೇಲಿತ್ತು. ಒಲೆ ಆರಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಸಂಜೆ ಅವಳು ಮಗುವಿನೊಡನೆ ಹೊಸ್ತಿಲು ದಾಟಿದಾಗ ಅಕ್ರಂ ಒಮ್ಮೆ ಕೆಮ್ಮಿದ. ಅವಳು ಅಲ್ಲೇ ನಿಂತಳು. ಅವನು ಮತ್ತೆ ಕೆಮ್ಮಲಿಲ್ಲ. ಒಳಗೆ ಹೋದಳು.

ಅಂದಿನಿಂದ ವಾರಕ್ಕೊಮ್ಮೆ ಹಾಗೆಯೇ ನಡೆಯಿತು. ಅಕ್ರಂ ಶಾಲೆ ಸೇರುವ ಹೊತ್ತಿಗೆ ಉಬ್ಬಸ ಅಪರೂಪವಾಗಿತ್ತು. ಹಳದಿ ಹಿಟ್ಟು ಮತ್ತೆ ಉದುರಲಿಲ್ಲ, ಹೆಂಚೂ ಬೀಳಲಿಲ್ಲ. ಆದರೂ ಮಸೂದಾ ಪ್ರತಿ ಬೆಳಿಗ್ಗೆ ಮೊದಲು ಮಲಗಿದ್ದ ಮಗನ ಪಕ್ಕೆ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಹಾಸಿಗೆಯ ಸುತ್ತ ನೆಲ ಸವರಿ, ಬೆರಳನ್ನು ಬೆಳಕಿಗೆ ಹಿಡಿಯುತ್ತಿದ್ದಳು.